ಇನ್ನಾಸನ ಗಂಟುಬುಟ್ಟಿ

"ಬಲ್ತಸಾರ ದೊರೆಗಳ ಅಪ್ಪಣೆ ಏನೆಂದರೆ, ಅವರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ಬಿಡಿಸಲು ಬಂದು ಸೋತವರಿಗೆ ಪಾಸ್ಕ ಹಬ್ಬದ ಹಿಂದಿನ ದಿನ ತಲೆದಂಡ." ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ನಡೆದ. ಅರ್ಧ ರಾಜ್ಯ ಅಂದಮೇಲೆ ಕೇಳಬೇಕೇ, ಜನ ತಲೆಯ ವಿಷಯವನ್ನು ಅಲ್ಲೇ ಮರೆತುಬಿಟ್ಟರು.

ದೊರೆಗೆ ಈ ಹುಚ್ಚು ಯಾಕೆ ಹಿಡಿಯಿತು ಅಂತ ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ ಅಷ್ಟೇ. ಒಂದು ದಿನ ಸಿಟ್ಟಿನ ಭರದಲ್ಲಿ ಒಡಹುಟ್ಟಿದ ತಮ್ಮನನ್ನೇ ಗಡಿ ದಾಟಿಸಿದ್ದ. ಅಂದಿನಿಂದ ಗುಡಿಗೆ ಹೋಗಿ ಮೊಣಕಾಲೂರಿದರೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಊರುತ್ತಿದ್ದ, ಏಳುತ್ತಿದ್ದ. ಪಾಪ, ದೊರೆಯಾದರೇನು, ಒಳಗೆ ಬೇಯುವುದು ಬೇಯುತ್ತಲೇ ಇರುತ್ತದೆ.

ಮೊದಲು ಬಂದವನು ಒಬ್ಬ ದೊಡ್ಡ ವ್ಯಾಪಾರಿ. ಬಾಗಿಲಿಗೆ ಅಗಳಿ ಹಾಕಿದ್ದರೂ ಒಬ್ಬ ಒಳಗೆ ಬರುತ್ತಾನೆ, ನನ್ನ ತಟ್ಟೆಯ ಪಕ್ಕದಲ್ಲೇ ಕೂರುತ್ತಾನೆ, ನನ್ನ ದನಿಯಲ್ಲೇ ಮಾತಾಡುತ್ತಾನೆ, ಯಾರವನು ಎಂದು ದೊರೆ ಕೇಳಿದ. ಸಾಕಿದ ಗಿಳಿ ಅಂದ ವ್ಯಾಪಾರಿ. ಅವನನ್ನು ಸೆರೆಮನೆಗೆ ಕರೆದೊಯ್ದರು. ಆಮೇಲೆ ಬಂದ ಸೇನಾಪತಿ ಅದು ತನ್ನ ಮನಸ್ಸಿನ ಯೋಚನೆಯೇ ಎಂದು ಹೇಗೋ ದಾಟಿಕೊಂಡ. ಎರಡನೆಯದಕ್ಕೆ ಸಿಕ್ಕಿಬಿದ್ದ. ಹೊಡೆದರೂ ಬೆಳೆಯುವವನು, ಉಣಿಸಿದರೂ ಬೆಳೆಯುವವನು, ಅವನನ್ನು ಮುಗಿಸುವುದು ಹೇಗೆ ಎಂಬುದು ಒಗಟು. ಅವನು ಬೆಂಕಿ, ನೀರು ಸುರಿದರೆ ಆಯಿತು ಅಂದ ಸೇನಾಪತಿ. ಎಷ್ಟೋ ಕೊಡ ನೀರು ಸುರಿದುಕೊಂಡು ನೋಡಿದ್ದೇನೆ, ನೀನೂ ಸೆರೆಮನೆಗೆ ಹೋಗು ಅಂದ ದೊರೆ.

ಆಗ ಗುಡ್ಡದ ಗವಿಮಠದಿಂದ ಅರುಳಪ್ಪ ಗುರುಗಳು ಇಳಿದು ಬಂದರು. ಅರ್ಧ ರಾಜ್ಯಕ್ಕಲ್ಲ, ಸೆರೆಯಲ್ಲಿದ್ದವರ ಜೀವ ಉಳಿಸಲು. ಎರಡು ಒಗಟನ್ನೂ ಸಲೀಸಾಗಿ ಬಿಡಿಸಿದರು. ಮೂರನೆಯದಕ್ಕೆ ದೊರೆಯ ದನಿ ಇಳಿಯಿತು. ಒಬ್ಬ ದಿನವೆಲ್ಲ ಮನೆ ಬಿಟ್ಟು ಬಿಟ್ಟು ಹೋಗುತ್ತಾನೆ, ಮನೆಯಾತ ಬಾಗಿಲು ಹಾಕುವುದಿಲ್ಲ, ಹೋಗುವವನು ಮನೆಯ ಮಗನೋ ಮನೆ ಬಿಟ್ಟವನೋ ಎಂದು ಕೇಳಿದ. ಗುರುಗಳು ಕಟ್ಟುನಿಟ್ಟಿನ ಮನುಷ್ಯ. ಬಿಟ್ಟುಹೋದವನು ಬಿಟ್ಟವನೇ ಅಂದರು. ದೊರೆಯ ಮುಖ ಬೂದಿಯಾಯಿತು. ಅವರನ್ನೂ ಒಳಗೆ ಹಾಕಿಸಿದ.

ಗವಿಮಠದವರು ಈಚಲು ಗರಿಯ ಬುಟ್ಟಿ ಹೆಣೆಯುತ್ತಲೇ ಪ್ರಾರ್ಥಿಸುತ್ತಿದ್ದರು. 'ಕರುಣೆ ಇಡಪ್ಪ ದೇವರೇ' ಎಂಬ ಒಂದೇ ಮಾತು, ಉಸಿರಿನ ಜೊತೆಗೆ. ಮನಸ್ಸು ಎಲ್ಲೋ ಹೋಯಿತೆಂದು ತಿಳಿದ ಕೂಡಲೇ ಗರಿಗೆ ಒಂದು ಗಂಟು ಹಾಕಬೇಕು. ಇದು ಅರುಳಪ್ಪನವರೇ ಮಾಡಿದ ಕಟ್ಟಳೆ. ಅವರ ಬುಟ್ಟಿ ಹೆಂಗಸರು ಬಾಚಿದ ತಲೆಯಷ್ಟು ನುಣುಪು. ಅವರು ಸಾಕಿ ಬೆಳೆಸಿದ ಅನಾಥ ಇನ್ನಾಸನದೋ, ದೇವರೇ ಕಾಪಾಡಬೇಕು, ಗಂಟಿನ ಮೇಲೆ ಗಂಟು. ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಜೊತೆಯವರು ಆಡಿಕೊಂಡು ನಕ್ಕರೆ ತಾನೂ ನಗುತ್ತಿದ್ದ, ಆಮೇಲೆ ಒಬ್ಬನೇ ಕೂತು ಅಳುತ್ತಿದ್ದ. ತನ್ನಂಥವನ ಪ್ರಾರ್ಥನೆ ಸೂರಿನಾಚೆಗೂ ಹೋಗುವುದಿಲ್ಲ ಎಂದುಕೊಂಡಿದ್ದ.

ಅದೇ ಬುಟ್ಟಿಯಲ್ಲಿ ಗುರುಗಳಿಗೆ ರೊಟ್ಟಿ ಹೊತ್ತು ಸೆರೆಮನೆಗೆ ಹೋದ. ನಾಳೆ ತಲೆದಂಡ ಎಂದು ಕಾವಲಿನವನು ಹೇಳಿದ. ಹೆತ್ತವರಿಲ್ಲದವನಿಗೆ ಇದ್ದದ್ದು ಅವರೊಬ್ಬರೇ. ಬುಟ್ಟಿ ಕಂಕುಳಲ್ಲಿ ಅವುಚಿಕೊಂಡು ನೇರ ಅರಮನೆಗೇ ನಡೆದ. ನಾನೂ ಒಗಟು ಬಿಡಿಸಲು ಬಂದೆ ಅಂದವನನ್ನು ನೋಡಿ ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲನೆಯದಕ್ಕೆ ಇನ್ನಾಸ, ಅವನು ನನ್ನ ಯೋಚನೆ, ನನಗಂತೂ ಪ್ರಾರ್ಥನೆಯ ಹೊತ್ತಿಗೆ ಹುರುಳಿ ಸಾರಿನ ವೇಷದಲ್ಲಿ ಬರುತ್ತಾನೆ ಅಂದ. ದೊರೆಯ ತುಟಿ ಸ್ವಲ್ಪ ಸಡಿಲವಾಯಿತು. ಎರಡನೆಯವನು ಸಿಟ್ಟು, ಅವನ ಜೊತೆ ಜಗಳವೂ ಬೇಡ, ಅವನಿಗೆ ಮಣೆಯೂ ಬೇಡ, ನಿಂತಿದ್ದರೆ ನಿಂತಿರಲಿ ಅಂತ ನಮ್ಮ ಕೆಲಸ ನೋಡಿಕೊಂಡರೆ ಹಸಿದು ಹೋಗುತ್ತಾನೆ ಅಂದ. ಇದನ್ನು ಗುರುಗಳೇ ಕಲಿಸಿದ್ದರು.

ದೊರೆ ಮೂರನೆಯದನ್ನೂ ಕೇಳಿದ. ಪ್ರಾರ್ಥನೆಯ ನಡುವೆ ಮನೆ ಬಿಟ್ಟು ಬಿಟ್ಟು ಹೋಗುವವನು ಇನ್ನಾಸ ತಾನೇ ಅಲ್ಲವೇ! ಬಿಟ್ಟವನು ಅನ್ನಲು ಬಾಯಿ ತೆರೆದ. ಕೈ ಸುಮ್ಮನೆ ಬುಟ್ಟಿಯ ಗಂಟುಗಳನ್ನು ಸವರುತ್ತಿತ್ತು. ಒಂದು ಗಂಟಿನ ಮೇಲೆ ಬೆರಳು ನಿಂತಿತು.

"ದೊರೆಗಳೇ, ಇದನ್ನು ಯಾವಾಗ ಹಾಕುತ್ತೇವೆ ಗೊತ್ತೇ? ಮನಸ್ಸು ಹೋದಾಗ ಅಂದುಕೊಂಡಿದ್ದೆ. ಸುಳ್ಳು. ಹೋದವನಿಗೆ ಹೋದದ್ದೇ ಗೊತ್ತಿರುವುದಿಲ್ಲ, ಅವನ ಕೈ ಗಂಟು ಹಾಕುವುದು ಹೇಗೆ? ತಿರುಗಿ ಬಂದವನೇ ಹಾಕುವುದು. ಇವೆಲ್ಲ ನಾನು ವಾಪಸ್ ಬಂದ ಗುರುತು. ಅವನು ಮನೆಯ ಮಗನೇ. ಮನೆ ಬಿಟ್ಟವನಾದರೆ ಮತ್ತೆ ಮತ್ತೆ ಬಿಡುವುದು ಹೇಗೆ? ನಡುವೆ ಬರುತ್ತಲೇ ಇದ್ದಾನಲ್ಲ."

ದೊರೆ ಮೆಲ್ಲಗೆ ಕೇಳಿದ: "ಹಾಗಾದರೆ ಬಾಗಿಲು ಹಾಕಿಲ್ಲವೇನಪ್ಪ?"

"ಹಾಕಿದ್ದರೆ ನನ್ನ ಬುಟ್ಟಿಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ."

ದೊರೆ ಸಿಂಹಾಸನದಿಂದಿಳಿದು ಸಭೆಯ ನಡುವೆಯೇ ಮೊಣಕಾಲೂರಿದ. ಈ ಸಲ ಬೇಗ ಏಳಲಿಲ್ಲ. ಎದ್ದ ಮೇಲೆ ಮೊದಲು ಮಾಡಿದ ಕೆಲಸ, ತಮ್ಮನನ್ನು ಕರೆತರಲು ಕುದುರೆ ಕಳಿಸಿದ್ದು. ಅರ್ಧ ರಾಜ್ಯ ತಗೋ ಎಂದರೆ ಇನ್ನಾಸ, ಅಷ್ಟನ್ನು ಗುಡಿಸುವವರು ಯಾರು, ಸೆರೆಯಲ್ಲಿದ್ದವರನ್ನು ಬಿಟ್ಟುಬಿಡಿ ಸಾಕು ಅಂದ. ದೊರೆ ಅವರನ್ನು ಬಿಡಿಸಿ, ಗುಡ್ಡದ ಬುಡದ ಈಚಲುತೋಪನ್ನೂ ಗವಿಮಠಕ್ಕೆ ಬರೆದುಕೊಟ್ಟ.

ಗುರು ಶಿಷ್ಯರು ಗುಡ್ಡ ಹತ್ತುವಾಗ ಇನ್ನಾಸ ನಡೆದದ್ದನ್ನೆಲ್ಲ ಹೇಳಿದ. ಗವಿಗೆ ಬಂದ ಮೇಲೆ ಅರುಳಪ್ಪನವರು ತಾವು ಅರ್ಧ ಹೆಣೆದಿಟ್ಟಿದ್ದ ಬುಟ್ಟಿ ಎತ್ತಿಕೊಂಡರು. ಅದರ ನುಣುಪಿನ ಮೇಲೆ ಕೈಯಾಡಿಸುತ್ತಾ ಕುಳಿತರು.

"ಇನ್ನಾಸ, ಇದರಲ್ಲಿ ಒಂದು ಗಂಟೂ ಇಲ್ಲವಲ್ಲೋ," ಅಂದರು. "ಎಷ್ಟು ಕಾಲದಿಂದ ನಾನು ಮನೆಯಲ್ಲಿ ಇಲ್ಲವೋ ಏನೋ."

ಅವರ ಕಣ್ಣು ತುಂಬಿತ್ತು. ಇನ್ನಾಸ ಒಂದು ಹಸಿ ಗರಿ ತೆಗೆದು ಅವರ ಕೈಗೆ ಕೊಟ್ಟ. ಮುದುಕರು ಅದಕ್ಕೆ ಮೊದಲ ಗಂಟು ಹಾಕಿದರು.