ಅಕ್ಕನ ಕೈಯ ಬೆಲ್ಲ ನೀರು

"ಗುರುಗಳೇ, ನನ್ನ ಅಣ್ಣ ಹಾಸಿಗೆ ಹಿಡಿದಿದ್ದಾನೆ. ಮನೆಯಲ್ಲೇ ಉಳಿದು ನೋಡಿಕೊಳ್ಳಲು ಇಬ್ಬರು ಸಿಕ್ಕಿದ್ದಾರೆ. ಇಬ್ಬರನ್ನೂ ಎರಡೆರಡು ದಿನ ಇಟ್ಟು ನೋಡಿದೆ. ಒಬ್ಬ ಪಳಗಿದವನು, ಅಣ್ಣನಿಗೆ ಒಂದಿಷ್ಟೂ ತೊಂದರೆ ಕೊಡುವುದಿಲ್ಲ. ಇನ್ನೊಬ್ಬನೂ ಕೆಲಸ ಬಲ್ಲವನೇ. ಆದರೆ ಅದು ಕೊಡಿ, ಇದು ಹೇಳಿ ಎಂದು ಅಣ್ಣನ ಬೆನ್ನು ಬಿಡುವುದಿಲ್ಲ. ಯಾರನ್ನು ಇಟ್ಟುಕೊಳ್ಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಬಿಸಿಲಲ್ಲಿ ಮನೆಗೆ ಬಂದವರು ಯಾರೇ ಆಗಲಿ, ಜಗಳಕ್ಕೇ ಬಂದಿರಲಿ, ಅಕ್ಕ ಮೊದಲು ಬೆಲ್ಲ ನೀರು ಕೊಡುವಳು. ಮಾತು ಆಮೇಲೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಜಗಳವಾಡಲು ಬಾರದೆ ಎಷ್ಟೋ ಜನ ನಗುತ್ತ ಹಿಂದಿರುಗಿದ್ದರು.

ಅಂಥ ಅಕ್ಕನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಬಲಗೈಗೆ ನಡುಕ ಬಂತು. ವ್ಯಾಪಾರಿಗೆ ದಿಕ್ಕೇ ತೋಚದಂತಾಯಿತು. ಅಂಗಡಿಯಲ್ಲಿ ಕೂತರೂ ಜೀವವೆಲ್ಲ ಮನೆಯಲ್ಲೇ.

ಅಚ್ಚು ಮುರಿದು ನೋಡದೆ ಬೆಲ್ಲ ಕೊಳ್ಳುವವನಲ್ಲ ಅವನು. ಹಾಗೆಯೇ ಹತ್ತು ಕಡೆ ವಿಚಾರಿಸಿ, ಚೊಕ್ಕ ಕೆಲಸದ ಒಬ್ಬ ಹೆಂಗಸನ್ನು ಮನೆಯಲ್ಲೇ ಉಳಿಯಲು ಕರೆತಂದ. "ನಮ್ಮಕ್ಕ ಎಲ್ಲರಿಗೂ ಮಾಡಿ ಮಾಡಿ ದಣಿದಿದ್ದಾಳಮ್ಮ. ಇನ್ನು ಅವಳನ್ನ ಯಾವುದಕ್ಕೂ ಕೇಳಬೇಡ" ಎಂದ.

ಆಕೆ ಹಾಗೆಯೇ ನಡೆದುಕೊಂಡಳು. ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿಸಿದಳು, ಉಣಿಸಿದಳು, ಮಗ್ಗುಲು ಬದಲಿಸಿದಳು. ಅಕ್ಕನ ಮೈಮೇಲೆ ಒಂದು ಹುಣ್ಣೂ ಏಳಲಿಲ್ಲ. ಆದರೆ ಅಕ್ಕ ದಿನದಿಂದ ದಿನಕ್ಕೆ ತುತ್ತು ಕಡಿಮೆ ಮಾಡಿದಳು. ಮಾತು ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದಳು. ನಾಡಿ ನೋಡಿದ ವೈದ್ಯ, "ಈಕೆಗೆ ಬದುಕುವ ಆಸೆಯೇ ಇಲ್ಲ. ಹೀಗೇ ಆದರೆ ಉಳಿಯುವುದು ಕಷ್ಟ" ಎಂದುಬಿಟ್ಟ.

ಅಷ್ಟರಲ್ಲಿ ಆ ಹೆಂಗಸು ಮಗಳ ಬಾಣಂತನಕ್ಕೆ ಹೋಗಬೇಕಾಯಿತು. ಬದಲಿಗೆ ಇನ್ನೊಬ್ಬಳು ಬಂದಳು. ಮಟಮಟ ಮಧ್ಯಾಹ್ನ ನಡೆದು ಬಂದವಳು ಗಂಟು ಇಳಿಸಿ, ನೇರವಾಗಿ ಅಕ್ಕನ ಮಂಚದ ಪಕ್ಕ ಕೂತು, "ಅಕ್ಕಾ, ಬಾಯಿ ಒಣಗಿ ಹೋಗಿದೆ. ಕುಡಿಯೋಕೆ ಏನಾದ್ರೂ ಕೊಡ್ತೀರಾ?" ಎಂದಳು.

ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿಗೆ ಮೈ ಉರಿಯಿತು. ನೀರು ಕುಡಿಸಲೆಂದು ಕರೆಸಿದವಳು ಮಲಗಿದವಳ ಹತ್ತಿರವೇ ನೀರು ಕೇಳುವುದೇ! ಆದರೆ ಅಕ್ಕ ಗೋಡೆಯಿಂದ ಮುಖ ತಿರುಗಿಸಿದಳು. ತಲೆದೆಸೆಯಲ್ಲಿದ್ದ ಸಣ್ಣ ತಂಬಿಗೆಗೆ ಕೈ ಚಾಚಿದಳು. ಬಂದವಳು ಲೋಟ ಹಿಡಿದಳೇ ಹೊರತು ತಂಬಿಗೆ ಮುಟ್ಟಲಿಲ್ಲ. ಅರ್ಧ ನೀರು ಲೋಟಕ್ಕೆ ಬಿತ್ತು, ಅರ್ಧ ಹಾಸಿಗೆಗೆ.

"ಏಯ್, ಅವಳ ಕೈಲಿ ಏನು ಮಾಡಿಸ್ತಿದ್ದೀಯ? ಎದ್ದು ಹೊರಡು!" ಎಂದು ವ್ಯಾಪಾರಿ ಕೂಗಿದ.

ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಎಷ್ಟೋ ದಿನದಿಂದ ಕೇಳದ ದನಿ ಕೇಳಿಸಿತು. "ಬಿಸಿಲಲ್ಲಿ ಬಂದವಳ ಮೇಲೆ ಕೂಗಾಡ್ತೀಯಲ್ಲೋ, ಇದನ್ನೇನಾ ನಾನು ನಿನಗೆ ಕಲಿಸಿದ್ದು? ಬೆಲ್ಲ ಎಲ್ಲಿ? ಬೆಲ್ಲ ಮಾರೋರ ಮನೇಲಿ ಬರೀ ನೀರು ಕೊಡ್ತಾರೇನೋ? ತಗೊಂಡು ಬಾ ಹೋಗು!"

ವ್ಯಾಪಾರಿ ಓಡಿದ. ಅಷ್ಟು ದೊಡ್ಡ ಗಂಡಸು, ಅಕ್ಕನಿಂದ ಬೈಸಿಕೊಂಡ ಸಂತೋಷಕ್ಕೆ ಉಗ್ರಾಣದಲ್ಲಿ ನಿಂತು ಗಳಗಳನೆ ಅತ್ತ. ಬೆಲ್ಲ ತಂದು ಅಕ್ಕನ ಕೈಗೇ ಕೊಟ್ಟ. ಆ ಸಂಜೆ ಅಕ್ಕ ತಾನಾಗಿಯೇ ಅನ್ನ ಕೇಳಿದಳು. ಮೊದಲಿನವಳು ಹಿಂದಿರುಗಿದಾಗ ವ್ಯಾಪಾರಿ ಅವಳಿಗೆ ಕೈಮುಗಿದು, ಬೇರೊಂದು ಒಳ್ಳೆಯ ಮನೆ ನೋಡಿಕೊಟ್ಟ. ಅವಳ ತಪ್ಪೇನೂ ಇರಲಿಲ್ಲ. ಅವನು ಹೇಳಿದ್ದನ್ನೇ ಅವಳು ಮಾಡಿದ್ದಳು. ಎರಡನೆಯವಳು ಅಲ್ಲೇ ಉಳಿದಳು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಅದು ಕೊಡಿ, ಇದು ಹೇಳಿ ಎನ್ನುವವನನ್ನೇ ಇಟ್ಟುಕೊಳ್ಳುತ್ತೇನೆ. ಇನ್ನು ನನಗೆ ಚಿಂತೆಯಿಲ್ಲ" ಎಂದು ಎದ್ದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಅಣ್ಣ ಹಾಸಿಗೆ ಹಿಡಿದ ಮೇಲೆ ನೀನು ಒಂದು ಸಲವಾದರೂ ಅವನ ಹತ್ತಿರ ಏನಾದರೂ ಬೇಕು ಎಂದು ಕೇಳಿದ್ದೀಯಾ, ಮಗೂ?"