ಕಿನ್ನಿಯ ಬೆರಳು

ಒಂದು ಕಾಡಿನ ಹೊಳೆಯಲ್ಲಿ ನೀರುನಾಯಿಗಳ ಬಳಗವಿತ್ತು. ಆ ಹೊಳೆಯ ನೀರು ಸದಾ ಕೆಸರು, ಕಣ್ಣಿಗೆ ಏನೂ ಕಾಣದು. ಏಡಿ ಬೇಕಾದರೆ ಕಲ್ಲಿನ ಸಂದಿಗೆ ಕೈ ಹಾಕಿ ಬೆರಳಿನಿಂದಲೇ ಹುಡುಕಬೇಕು. ಅದಕ್ಕೇ ಮರಿಗಳು ದಿನವಿಡೀ ದಡದಲ್ಲಿ ಕೂತು ಬೆಣಚುಕಲ್ಲು ಉರುಳಿಸುತ್ತಿದ್ದವು, ಮಣ್ಣು ಹಿಸುಕುತ್ತಿದ್ದವು. ನೋಡುವವರಿಗೆ ಅದು ಬರೀ ಆಟ.

ಹೊನ್ನವ್ವ ಎಂಬ ನೀರುನಾಯಿಗೆ ಒಬ್ಬಳೇ ಮಗಳು, ಕಿನ್ನಿ. ಹಿಂದಿನ ಮರಿಗಳೆಲ್ಲ ಸತ್ತ ಮೇಲೆ ಉಳಿದವಳು.

ಒಂದು ದಿನ ಮುಂಗುಸಿ ಬಂತು. ಅದಕ್ಕೆ ಏಡಿ ಎಂದರೆ ಪ್ರಾಣ, ಹಿಡಿಯಲು ಮಾತ್ರ ಭಯ. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿತು.

"ಹೊನ್ನಕ್ಕ, ಇಂಥ ಕೂಸನ್ನ ಕೆಸರಿಗೆ ಬಿಟ್ಟಿದ್ದೀಯಲ್ಲ. ನೀನು ಏಡಿ ತಂದುಕೊಡು. ನಾನು ಚಿಪ್ಪು ಒಡೆದು ಮೆತ್ತಗಿನ ತಿರುಳು ತಿನ್ನಿಸ್ತೀನಿ. ಮಿಕ್ಕಿದ್ದು ನನಗಿರಲಿ."

"ಮಗು ಕಲೀಬೇಕಲ್ಲಪ್ಪ."

"ದೊಡ್ಡವಳಾದ್ರೆ ಕೈ ತಾನಾಗೇ ಆಡುತ್ತೆ ಬಿಡಕ್ಕ."

ಹೊನ್ನವ್ವನಿಗೆ ಬೇಕಾದ ಮಾತೇ ಅದಾಗಿತ್ತು. ಕಿನ್ನಿ ಕಲ್ಲು ಮುಟ್ಟಿದರೆ ಗದರಿದಳು, ಮಣ್ಣು ಮುಟ್ಟಿದರೆ ಎಳೆದು ತಂದಳು. ಮುಂಗುಸಿ ಚೂರುಪಾರು ಕಿನ್ನಿಯ ಬಾಯಿಗಿಟ್ಟು, ಉಳಿದದ್ದು ನುಂಗಿ ದುಂಡಗಾಯಿತು.

ಮಳೆಗಾಲದಲ್ಲಿ ಬಂಡೆ ಉರುಳಿ ಹೊನ್ನವ್ವನ ಎರಡೂ ಮುಂಗೈ ಜಜ್ಜಿಹೋದವು. ಇನ್ನು ಏಡಿ ಹಿಡಿಯಬೇಕಾದವಳು ಕಿನ್ನಿ. ಮೈಯಲ್ಲಿ ತಾಯಿಯಷ್ಟೇ ಬೆಳೆದಿದ್ದಳು. ಸಂದಿಗೆ ಕೈ ಹಾಕಿದಳು. ಕಲ್ಲು ಯಾವುದು, ಏಡಿ ಯಾವುದು, ಬೆರಳಿಗೆ ತಿಳಿಯಲಿಲ್ಲ. ತಾಗಿದ ಏಡಿಯೂ ಜಾರಿಹೋಯಿತು.

"ನನ್ನ ಕೈಲಿ ಆಗಲ್ಲವ್ವ," ಎಂದು ಅತ್ತಳು.

ಹಸಿದ ಮುಂಗುಸಿ ತಾಳಲಾರದೆ ತಾನೇ ಏಡಿಯ ಬಿಲಕ್ಕೆ ಕೈ ತೂರಿತು. ದೊಡ್ಡ ಏಡಿಯೊಂದು ಬೆರಳನ್ನೇ ಕತ್ತರಿಸಿತು. ಮಾಡಿದ್ದುಣ್ಣೋ ಮಹಾರಾಯ. ಕುಂಟುತ್ತ ಓಡಿದ್ದು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ಅದು ಓಡಿದರೆ ಕಿನ್ನಿಯ ಹೊಟ್ಟೆ ತುಂಬೀತೇ?

ನೆರೆಹೊರೆಯವರು ಕೆಲವು ದಿನ ತಮ್ಮ ಪಾಲಿನಲ್ಲೇ ಕೊಟ್ಟರು, ಕಿನ್ನಿಗೆ ಕಲಿಸಲೂ ನೋಡಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗಲಿಲ್ಲ. ಪ್ರವಾಹ ಏರಿದಾಗ ಬಳಗ ಮೇಲಿನ ಮಡುವಿಗೆ ಹೊರಟಿತು. ಹೊನ್ನವ್ವನಿಗೆ ನಡೆಯಲಾಗಲಿಲ್ಲ. ಕಿನ್ನಿ ತಾಯಿಯನ್ನು ಬಿಟ್ಟು ಹೋಗಲಿಲ್ಲ.

ಹೊನ್ನವ್ವನ ಎದೆ ಒಡೆದು ಹೋಗಿತ್ತು. ತಾನೇ ಮಾಡಿಕೊಂಡದ್ದು, ಯಾರನ್ನು ಬೈಯಲಿ? ಹಸಿವು ತಡೆಯಲಾರದ ಕಿನ್ನಿ ತಾಯಿಯ ಹತ್ತಿರ ಬಂದು ಕೂತು, ಎಂದಿನಂತೆ ಬಾಯಿ ತೆರೆದಳು.

ನೀತಿ: ಮಗುವಿನ ಬೆರಳು ಆಡುತ್ತಲೇ ಕಲಿಯಬೇಕು. ಮುದ್ದಿನಿಂದ ಆ ಆಟವನ್ನು ಕಿತ್ತುಕೊಂಡವರು ಅದರ ತುತ್ತನ್ನೇ ಕಿತ್ತುಕೊಂಡಂತೆ.