ಮೊಹರು ಒಡೆಯದ ಎಣ್ಣೆ ಡಬ್ಬ

ಹಾಸ್ಟೆಲಿಗೆ ಬಂದ ಎಣ್ಣೆ ಡಬ್ಬದ ಮುಚ್ಚಳಕ್ಕೆ ವಾರ್ಡನ್ ಅರಗು ಸುರಿದು ಮೊಹರು ಒತ್ತಿದ. "ಈ ಮೊಹರು ಮುಟ್ಟಿದೋರ ಕೆಲಸ ಹೋಗುತ್ತೆ" ಅಂತ ಅಡುಗೆಯ ಓಬಕ್ಕನಿಗೆ ತಾಕೀತು ಮಾಡಿದ. ಹಿಂದಿನ ಡಬ್ಬವೂ ಹೀಗೇ ಮೊಹರು ಹಾಕಿಸಿಕೊಂಡು ಕೊನೆಗೆ ಅವನ ಮನೆ ಸೇರಿತ್ತು. ಮಕ್ಕಳು ತಿಂಗಳಿಡೀ ಒಗ್ಗರಣೆಯಿಲ್ಲದ ಸಾರು ಉಂಡಿದ್ದವು.

ಓಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವನು ಅತ್ತ ಹೋದದ್ದೇ ತಡ, ಡಬ್ಬವನ್ನು ಬೋರಲು ಹಾಕಿದಳು. ತಳಕ್ಕೆ ಮೊಳೆ ಇಟ್ಟು, ಕಾಯಿ ಒಡೆಯುವ ಮಚ್ಚಿನ ಬೆನ್ನಿನಿಂದ ಬಿಗಿದಳು. ಎಣ್ಣೆ ಬರಲು ಒಂದು ತೂತು, ಗಾಳಿ ಹೋಗಲು ಇನ್ನೊಂದು. ಎಣ್ಣೆಯನ್ನೆಲ್ಲ ಕೊಡಕ್ಕೆ ಬಗ್ಗಿಸಿಕೊಂಡು ಡಬ್ಬವನ್ನು ಮತ್ತೆ ನೆಟ್ಟಗೆ ನಿಲ್ಲಿಸಿದಳು.

ಆ ವಾರವೆಲ್ಲ ಊಟದ ಕೋಣೆ ಘಮಘಮ. ಭಾನುವಾರ ಪೂರಿ. ವಾರ್ಡನ್ನೂ ಪಟ್ಟಾಗಿ ಕೂತು ಬಾರಿಸಿದ. ಸಂಜೆ ಡಬ್ಬ ಮನೆಗೆ ಸಾಗಿಸಲು ಬಂದು, ಎರಡೂ ಕೈಲಿ ಬಲ ಹಾಕಿ ಎತ್ತಿದ. ಖಾಲಿ ಡಬ್ಬ ಸರ್ರನೆ ಮೇಲೆದ್ದು ಅವನ ಗದ್ದಕ್ಕೇ ಬಡಿಯಿತು.

"ಎಣ್ಣೆ ಎಲ್ಲಿ ಹೋಯ್ತೇ?" ಅಂತ ಅರಚಿದ.

"ಮೊಹರು ಹಂಗೇ ಐತಲ್ಲ ಸಾರ್, ನಾನು ಮುಟ್ಟಿಲ್ಲ" ಅಂದಳು ಓಬಕ್ಕ. "ಬೇಕಾದ್ರೆ ಮೇಲಿನ ಸಾಹೇಬ್ರಿಗೆ ದೂರು ಕೊಡಿ. ಮಕ್ಕಳ ಎಣ್ಣೆ ಮಕ್ಕಳ ಹೊಟ್ಟೆ ಸೇರಿಬಿಡ್ತು ಅಂತ ಬರೀರಿ. ತಾವು ತಿಂದ ಪೂರಿ ವಿಷ್ಯ ಬೇಕಾದ್ರೆ ಬರೀಬೇಡಿ."